ಹಿಟ್ಟನ್ನು ಅರಿತು ಯಂತ್ರವನ್ನು ಕೊಳ್ಳಿ



ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಹಾರೂಗೇರಿಯಂಥ ಊರಿನ ಅಡುಗೆಮನೆಯನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಗಿರಣಿಯಿಂದ ಬಂದ ಹಿಟ್ಟು ಅಲ್ಲಿ ದಿನಕ್ಕೊಂದು ರೂಪ ತಾಳುತ್ತದೆ. ಒಂದು ಹೊತ್ತು ಜೋಳದ ರೊಟ್ಟಿ, ಇನ್ನೊಂದು ಹೊತ್ತು ಚಪಾತಿ, ಹಬ್ಬ ಬಂದರೆ ಹೋಳಿಗೆಯ ಕಣಕ. ಈಚೆಗೆ ಇವುಗಳ ಜೊತೆಗೆ ಕೇಕು, ಬ್ರೆಡ್ಡು, ನಾನಕಟಾಯಿಗಳೂ ಸೇರಿವೆ. ಮನೆಯಲ್ಲೇ ಓವನ್ ಇಟ್ಟುಕೊಂಡು ಹುಟ್ಟುಹಬ್ಬದ ಕೇಕು ಮಾಡಿಕೊಡುವ ಹೆಣ್ಣುಮಕ್ಕಳು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಹೀಗಿರುವಾಗ ಮನೆಯವರು ನಿಮ್ಮನ್ನು ಒಂದು ಪ್ರಶ್ನೆ ಕೇಳಬಹುದು: “ನೀನು ಕಾಲೇಜು ಓದುತ್ತೀಯಲ್ಲ, ಹಿಟ್ಟು ಕಲಸುವ ಆ ಯಂತ್ರ ತೊಗೊಳ್ಳೋದು ಒಳ್ಳೇದೇನು? ತೊಗೊಂಡರೆ ಯಾವುದು?”

ಸ್ಟ್ಯಾಂಡ್ ಮಿಕ್ಸರ್ ಎಂದು ಕರೆಯಲಾಗುವ ಈ ಯಂತ್ರ ಅಗ್ಗದ ವಸ್ತುವಲ್ಲ. ಸಂಘದ ಸಾಲದಿಂದಲೋ ಕಂತಿನ ಮೇಲೋ ಕೊಂಡದ್ದು ಆರು ತಿಂಗಳಲ್ಲಿ ಮೂಲೆ ಸೇರಿದರೆ ಮನೆಯ ದುಡಿಮೆಯೇ ಮೂಲೆ ಸೇರಿದಂತೆ. ಆದ್ದರಿಂದ ಉತ್ತರ ಕೊಡುವ ಮೊದಲು ಯಂತ್ರವನ್ನು ಬದಿಗಿಟ್ಟು, ಅದು ಮಾಡಬೇಕಾದ ಕೆಲಸವನ್ನು ತಿಳಿಯೋಣ.

ನಾದುವಾಗ ಏನು ನಡೆಯುತ್ತದೆ?

ಗೋಧಿ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರೊಳಗಿನ ಎರಡು ಬಗೆಯ ಪ್ರೋಟೀನುಗಳು, ಗ್ಲೂಟೆನಿನ್ ಮತ್ತು ಗ್ಲೈಡಿನ್, ಒಂದಕ್ಕೊಂದು ಹೆಣೆದುಕೊಂಡು ರಬ್ಬರಿನಂಥ ಜಾಲವಾಗುತ್ತವೆ. ಇದೇ ಗ್ಲೂಟೆನ್. ಚಪಾತಿ ಹರಿಯದೆ ಲಟ್ಟಣಿಗೆಯ ಕೆಳಗೆ ಹರಡುವುದು, ಬ್ರೆಡ್ಡು ಗಾಳಿಯನ್ನು ಹಿಡಿದಿಟ್ಟುಕೊಂಡು ಉಬ್ಬುವುದು ಈ ಜಾಲದ ಬಲದಿಂದ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಒಂದು ಹಿಡಿ ಮೈದಾ ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಮಾಡಿ, ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಬಳಿಕ ನೀರಿನಲ್ಲೇ ಮೆಲ್ಲಗೆ ಹಿಸುಕುತ್ತ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿಗೆ ಹೋಗಿ, ಕೈಯಲ್ಲಿ ಎಳೆದರೆ ಹಿಗ್ಗುವ ಅಂಟು ಮುದ್ದೆ ಉಳಿಯುತ್ತದೆ. ಇಟಲಿಯ ಬೊಲೋನ್ಯ ನಗರದ ಬೆಕ್ಕಾರಿ ಎಂಬ ವಿಜ್ಞಾನಿ 1728ರಲ್ಲಿ ಗ್ಲೂಟೆನ್ನನ್ನು ಬೇರ್ಪಡಿಸಿ ತೋರಿಸಿದ್ದು ಹೀಗೆಯೇ. ಜೋಳದ ಹಿಟ್ಟಿನಿಂದ ಇದನ್ನೇ ಮಾಡಿದರೆ ಉಂಡೆ ಒಡೆದು ನೀರುಪಾಲಾಗುತ್ತದೆ. ಕೈಯಲ್ಲಿ ಅಂಟು ಉಳಿಯುವುದಿಲ್ಲ.

ಕಾರಣ, ಜೋಳದಲ್ಲಿ ಗ್ಲೂಟೆನ್ ಇಲ್ಲ. ಅದಕ್ಕೇ ನಮ್ಮ ತಾಯಂದಿರು ಜೋಳದ ಹಿಟ್ಟಿಗೆ ಎಸರು ಹಾಕುತ್ತಾರೆ. ಆ ಕಾವಿಗೆ ಪಿಷ್ಟದ ಒಂದು ಭಾಗ ಬೆಂದು ಅಂಟಾಗಿ ಹಿಟ್ಟನ್ನು ಹಿಡಿದಿಡುತ್ತದೆ. ರೊಟ್ಟಿ ಬಡಿಯುವ ಮುನ್ನ ಒಂದೊಂದೇ ಉಂಡೆಯನ್ನು ಅಂಗೈಯಿಂದ ಮಿದಿಯುವ ಕೆಲಸವನ್ನು ಯಂತ್ರ ಕಸಿದುಕೊಳ್ಳಲಾರದು. ಹೀಗಾಗಿ ರೊಟ್ಟಿಯೇ ಮುಖ್ಯ ಊಟವಾಗಿರುವ ಮನೆಗೆ ಈ ಯಂತ್ರದಿಂದ ಆಗುವ ಉಪಕಾರ ಕಡಿಮೆ.

ಗೋಧಿಯಲ್ಲೂ ಎಲ್ಲವೂ ಒಂದೇ ಅಲ್ಲ. ನಮ್ಮ ಭಾಗದಲ್ಲಿ ಬೆಳೆಯುವ ಖಪಲಿ ಗೋಧಿಯ ಗ್ಲೂಟೆನ್ ದುರ್ಬಲವಾದದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಜಾತಿಯಲ್ಲಿ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಮೊದಲಾದ ತಳಿಗಳನ್ನು ರೈತರಿಗೆ ಕೊಟ್ಟಿದೆ. ಇಂಥ ಗೋಧಿಯ ಹಿಟ್ಟನ್ನು ಯಂತ್ರದಲ್ಲಿ ಹೆಚ್ಚು ಹೊತ್ತು ತಿರುವಿದರೆ ಜಾಲ ಹರಿದು ಹಿಟ್ಟು ಜಿಗುಟಾಗುತ್ತದೆ. ಹೋಳಿಗೆಯ ಕಣಕಕ್ಕೆ ಎಣ್ಣೆ ಹಾಕಿ ನೆನೆಯಲು ಬಿಡುವ ಪದ್ಧತಿಯಲ್ಲೂ ವಿಜ್ಞಾನವಿದೆ. ನೆನೆದ ಹಿಟ್ಟಿನಲ್ಲಿ ಗ್ಲೂಟೆನ್ ತಾನಾಗಿಯೇ ಕೂಡಿಕೊಂಡು ಸಡಿಲಗೊಳ್ಳುತ್ತದೆ. ಅರ್ಧ ನಾದುವಿಕೆಯನ್ನು ಕಾಲವೇ ಮಾಡಿಕೊಡುತ್ತದೆ.

ಕೇಕಿನ ಮಾತು ಇದಕ್ಕೆ ವಿರುದ್ಧ. ಅಲ್ಲಿ ಗ್ಲೂಟೆನ್ ಹೆಚ್ಚು ಬೆಳೆಯಬಾರದು, ಬೆಳೆದರೆ ಕೇಕು ಗಡುಸಾಗುತ್ತದೆ. ಅಲ್ಲಿ ಬೇಕಾದದ್ದು ಗಾಳಿ. ಬೆಣ್ಣೆ ಮತ್ತು ಸಕ್ಕರೆಯನ್ನು ಬಿಳುಪಾಗುವವರೆಗೆ ಕಡೆದಾಗ, ಅಥವಾ ಮೊಟ್ಟೆಯನ್ನು ನೊರೆ ಬರಿಸಿದಾಗ, ಸಾವಿರಾರು ಸಣ್ಣ ಗುಳ್ಳೆಗಳು ಸೇರಿಕೊಳ್ಳುತ್ತವೆ. ಬೇಕಿಂಗ್ ಪೌಡರಿನ ಅನಿಲ ಓವನ್ನಿನ ಕಾವಿನಲ್ಲಿ ಈ ಗುಳ್ಳೆಗಳನ್ನೇ ಹಿಗ್ಗಿಸುತ್ತದೆ. ಅಂದರೆ ಬ್ರೆಡ್ಡಿಗೆ ಬೇಕಾದದ್ದು ನಿಧಾನವಾದ ಬಲ, ಕೇಕಿಗೆ ಬೇಕಾದದ್ದು ಹಗುರವಾದ ವೇಗ.

ಯಂತ್ರ ಹುಟ್ಟಿದ ಬಗೆ

ಅಮೆರಿಕದ ಹೋಬಾರ್ಟ್ ಕಂಪನಿಯ ಎಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್ ಅವರು 1908ರಲ್ಲಿ ಬೇಕರಿಯವನೊಬ್ಬ ಸೌಟಿನಿಂದ ಬ್ರೆಡ್ಡಿನ ಹಿಟ್ಟನ್ನು ಕಲಸುವ ಕಷ್ಟವನ್ನು ಕಂಡು ಈ ಯಂತ್ರದ ಆಲೋಚನೆಗೆ ತೊಡಗಿದರೆಂದು ಹೇಳುತ್ತಾರೆ. ಮೊದಲು ಬಂದವು ಬೇಕರಿಗಳ ದೊಡ್ಡ ಯಂತ್ರಗಳು. 1919ರಲ್ಲಿ ಕಿಚನ್‌ಏಡ್ ಹೆಸರಿನಲ್ಲಿ ಮನೆಬಳಕೆಯ ಯಂತ್ರ ಹೊರಬಂತು. ಅದರ ತೂಕ ಸುಮಾರು 30 ಕಿಲೋ!

ಇದರ ಚಲನೆಗೆ ಗ್ರಹಚಲನೆ ಎಂಬ ಹೆಸರಿದೆ. ಭೂಮಿ ತನ್ನ ಸುತ್ತ ತಾನು ತಿರುಗುತ್ತಲೇ ಸೂರ್ಯನನ್ನು ಸುತ್ತುವಂತೆ, ಕಲಸುವ ಕಡ್ಡಿ ತನ್ನ ಅಕ್ಷದ ಮೇಲೆ ತಿರುಗುತ್ತಲೇ ಪಾತ್ರೆಯ ಒಳಸುತ್ತನ್ನೂ ಸುತ್ತುತ್ತದೆ. ಪಾತ್ರೆ ಸ್ಥಿರವಾಗಿದ್ದರೂ ಅದರ ಮೂಲೆ ಮೂಲೆಯನ್ನು ಕಡ್ಡಿ ಮುಟ್ಟುತ್ತದೆ. ಯಂತ್ರದ ಜೊತೆ ಸಾಮಾನ್ಯವಾಗಿ ಮೂರು ಉಪಕರಣಗಳು ಬರುತ್ತವೆ: ಗಟ್ಟಿ ಹಿಟ್ಟಿಗೆ ಕೊಕ್ಕೆ, ಕೇಕಿನ ಹಿಟ್ಟಿಗೆ ಚಪ್ಪಟೆಯ ಬೀಟರ್, ನೊರೆಗೆ ತಂತಿಯ ವಿಸ್ಕ್.

ನಮ್ಮ ದೇಶದ ಅನುಭವವೂ ಇಲ್ಲಿ ನೆನಪಿಡತಕ್ಕದ್ದು. ಹೊರದೇಶದ ಮಿಕ್ಸರುಗಳು ನೆನೆಸಿದ ಅಕ್ಕಿ, ಉದ್ದು, ಒಣ ಮಸಾಲೆಯ ಭಾರ ತಾಳದೆ ಕೆಡುತ್ತಿದ್ದುದನ್ನು ಕಂಡ ಎಂಜಿನಿಯರ್ ಸತ್ಯಪ್ರಕಾಶ ಮಾಥುರ್ ಅವರು 1963ರಲ್ಲಿ ಬಲವಾದ ಮೋಟಾರಿನ ಸುಮೀತ್ ಮಿಕ್ಸಿಯನ್ನು ರೂಪಿಸಿದರು. ಒಂದು ದೇಶದ ಅಡುಗೆಗೆಂದು ಮಾಡಿದ ಯಂತ್ರ ಇನ್ನೊಂದು ದೇಶದ ಅಡುಗೆಗೆ ಒಗ್ಗಬೇಕೆಂದಿಲ್ಲ. ಸ್ಟ್ಯಾಂಡ್ ಮಿಕ್ಸರ್ ಮೂಲತಃ ಮೆತ್ತನೆಯ ಬ್ರೆಡ್ಡಿನ ಹಿಟ್ಟಿಗಾಗಿ ಹುಟ್ಟಿದ್ದು. ನಮ್ಮ ಚಪಾತಿ ಹಿಟ್ಟು ಅದಕ್ಕಿಂತ ಗಟ್ಟಿ.

ವಾಟಿನ ಮಾತಿಗೆ ಮರುಳಾಗಬೇಡಿ

ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು ವಾಟ್. “ಇದು ಸಾವಿರ ವಾಟಿನದು, ಅದು ಮುನ್ನೂರು ವಾಟಿನದು” ಎಂದು ಮಾರುವವರು ಹೇಳುತ್ತಾರೆ. ಆ ಅಂಕಿ ಯಂತ್ರ ತಿನ್ನುವ ವಿದ್ಯುತ್ತನ್ನು ಹೇಳುತ್ತದೆ. ಕೊಕ್ಕೆಯ ತುದಿಯಲ್ಲಿ ಸಿಗುವ ಬಲವನ್ನು ಹೇಳುವುದಿಲ್ಲ.

ಭೌತಶಾಸ್ತ್ರದಲ್ಲಿ ಓದಿದ್ದನ್ನು ಇಲ್ಲಿ ಬಳಸಿ. ಶಕ್ತಿಯ ದರವೆಂದರೆ ತಿರುಗಿಸುವ ಬಲ ಮತ್ತು ತಿರುಗುವ ವೇಗಗಳ ಗುಣಲಬ್ಧ. ಅಷ್ಟೇ ವಾಟಿನಲ್ಲಿ ವೇಗವನ್ನು ನೂರನೇ ಒಂದು ಪಾಲಿಗೆ ಇಳಿಸಿದರೆ, ಘರ್ಷಣೆಯ ನಷ್ಟವನ್ನು ಬಿಟ್ಟು ನೋಡಿದಾಗ, ತಿರುಗಿಸುವ ಬಲ ನೂರು ಪಟ್ಟು ಏರುತ್ತದೆ. ಕಬ್ಬು ಹೇರಿದ ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರು ಏರಿನಲ್ಲಿ ಮೊದಲ ಗಿಯರಿಗೆ ಬರುವುದು ಇದೇ ಕಾರಣಕ್ಕೆ. ಹಿಟ್ಟು ನಾದುವ ಯಂತ್ರದಲ್ಲೂ ಒಳಗಿನ ಗಿಯರುಗಳೇ ಮುಖ್ಯ. ಅವು ಲೋಹದವೋ ನೈಲಾನಿನವೋ, ಅತಿ ಕಡಿಮೆ ವೇಗದಲ್ಲಿ ಯಂತ್ರ ಮುಗ್ಗರಿಸದೆ ತಿರುಗುತ್ತದೆಯೋ ಎಂಬುದನ್ನು ಕೇಳಿ ನೋಡಿ.

ಕರೆಂಟಿನ ಖರ್ಚಿಗೆ ಹೆದರಬೇಕಾಗಿಲ್ಲ. 300 ವಾಟಿನ ಯಂತ್ರ 10 ನಿಮಿಷ ಓಡಿದರೆ ಒಂದು ಯೂನಿಟ್ಟಿನ ಇಪ್ಪತ್ತನೇ ಒಂದು ಭಾಗ ಖರ್ಚಾಗುತ್ತದೆ. ತಿಂಗಳಿಗೆ 20 ಸಲ ಬಳಸಿದರೂ ಒಂದೇ ಯೂನಿಟ್.

ಅಳತೆಯ ಲೆಕ್ಕ

ಪಾತ್ರೆಯ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ನಿಮಗೆ ಬೇಕಾದದ್ದು ಹಿಟ್ಟಿನ ತೂಕ. ಒಂದು ಚಪಾತಿಗೆ 30 ಗ್ರಾಂ ಹಿಟ್ಟೆಂದು ಹಿಡಿಯಿರಿ. ಆರು ಜನರ ಮನೆಯಲ್ಲಿ ತಲೆಗೆ ನಾಲ್ಕರಂತೆ 24 ಚಪಾತಿಗೆ 720 ಗ್ರಾಂ ಹಿಟ್ಟು, ಅದಕ್ಕೆ ಸುಮಾರು 450 ಗ್ರಾಂ ನೀರು. ಒಟ್ಟು 1170 ಗ್ರಾಂ ಗಟ್ಟಿ ಹಿಟ್ಟಾಯಿತು. ಇಷ್ಟನ್ನು ಯಂತ್ರ ತಾಳುತ್ತದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿ. ಮೈದಾಕ್ಕೆ ಹೇಳಿದ ಮಿತಿ ಇಡೀ ಗೋಧಿಯ ಹಿಟ್ಟಿಗೆ ಅನ್ವಯಿಸದು, ಅದು ಕಡಿಮೆ ಇರುತ್ತದೆ. ಇನ್ನೊಂದು ಕಡೆ, ಮೂರೇ ಜನರ ಮನೆಗೆ ದೊಡ್ಡ ಪಾತ್ರೆ ತಂದರೆ ಕೊಕ್ಕೆ ಹಿಟ್ಟಿಗೆ ಎಟುಕದೆ ಬರಿದೇ ಸುತ್ತುತ್ತದೆ.

ಎಡೆಬಿಡದೆ ಎಷ್ಟು ನಿಮಿಷ ಓಡಿಸಬಹುದು ಎಂಬುದೂ ಕೈಪಿಡಿಯಲ್ಲಿರುತ್ತದೆ. ಅದನ್ನು ಮೀರಿದರೆ ಮೋಟಾರು ಕಾಯುತ್ತದೆ, ಹಿಟ್ಟೂ ಕಾಯುತ್ತದೆ. ಈಸ್ಟ್ ಹಾಕಿದ ಹಿಟ್ಟು 26–27 ಡಿಗ್ರಿಯ ಸುತ್ತ ಚೆನ್ನಾಗಿ ಹುದುಗುತ್ತದೆ. ನಮ್ಮ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಯಂತ್ರದ ಘರ್ಷಣೆಯ ಕಾವೂ ಸೇರುವುದರಿಂದ ತಣ್ಣೀರಿನಲ್ಲಿ ಕಲಸುವುದು ಲೇಸು. ಹಿಟ್ಟು ಹದಕ್ಕೆ ಬಂದಿತೇ ಎಂದು ತಿಳಿಯಲು ಚಿಕ್ಕ ತುಂಡನ್ನು ಬೆರಳುಗಳಿಂದ ಮೆಲ್ಲಗೆ ಅಗಲಿಸಿ. ಹರಿಯದೆ ಬೆಳಕು ಕಾಣುವಷ್ಟು ತೆಳುವಾದರೆ ಸಾಕು.

ಕೊಳ್ಳುವ ಮುನ್ನ

ಯಂತ್ರ 230 ವೋಲ್ಟಿನದೇ ಎಂದು ನೋಡಿ. ಅಮೆರಿಕದಲ್ಲಿರುವ ನಂಟರು ತಂದುಕೊಟ್ಟದ್ದು 120 ವೋಲ್ಟಿನದಾಗಿದ್ದರೆ ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕಿದೊಡನೆ ಸುಟ್ಟುಹೋದೀತು. ಮೂರು ಕಡ್ಡಿಯ ಪ್ಲಗ್ಗು ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ರಿಪೇರಿ ಎಲ್ಲಿ ಆಗುತ್ತದೆ ಎಂದು ಮೊದಲೇ ಕೇಳಿ. ಅಥಣಿ, ಚಿಕ್ಕೋಡಿಯಲ್ಲಿ ಆಗುವುದೋ, ಬೆಳಗಾವಿ ಅಥವಾ ಮಿರಜಕ್ಕೆ ಹೊತ್ತೊಯ್ಯಬೇಕೋ ಎಂಬುದರ ಮೇಲೆ ಯಂತ್ರದ ಆಯುಷ್ಯ ನಿಂತಿದೆ. ಬಿಲ್ಲನ್ನೂ ಗ್ಯಾರಂಟಿ ಕಾರ್ಡನ್ನೂ ಜೋಪಾನ ಮಾಡಿ. ದೋಷವಿದ್ದು ಅಂಗಡಿಯವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಯಂತ್ರ ತಿರುಗುವಾಗ ಕೈ ಹಾಕಬಾರದು. ಜಡೆ, ಓಡ್ನಿ, ಸೆರಗುಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಮನೆಯಲ್ಲಿ ರೊಟ್ಟಿಯೇ ಪ್ರಧಾನವಾಗಿದ್ದು, ಅಪರೂಪಕ್ಕೆ ಕೇಕು ಮಾಡುವುದಾದರೆ ಕೈಯಲ್ಲಿ ಹಿಡಿಯುವ ಬೀಟರ್ ಸಾಕು. ಅದರ ಬೆಲೆ ಎಷ್ಟೋ ಕಡಿಮೆ. ಕೇಕಿನ ವ್ಯಾಪಾರ ಮಾಡಬೇಕೆಂಬ ಅಕ್ಕನಿಗೂ ಇದೇ ಮಾತು. ಮೊದಲು ಬೀಟರಿನಿಂದ ಆರಂಭಿಸಲಿ, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಲಿ. ಬೇಡಿಕೆ ಕೈಗೆ ಮೀರಿದಾಗ ಆ ಗಳಿಕೆಯಿಂದಲೇ ದೊಡ್ಡ ಯಂತ್ರ ಬರಲಿ. ದಿನವೂ ಕಿಲೋಗಟ್ಟಲೆ ಗೋಧಿ ಹಿಟ್ಟು ನಾದುವ ಮನೆಗೆ, ವಾರಕ್ಕೆ ಹಲವು ಸಲ ಬ್ರೆಡ್ಡು ಮಾಡುವ ಮನೆಗೆ ಸ್ಟ್ಯಾಂಡ್ ಮಿಕ್ಸರ್ ತಕ್ಕದ್ದು.

ನಾದುವವರ ಮಣಿಕಟ್ಟು ನೋಯುತ್ತಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ವರ್ಷಗಟ್ಟಲೆ ಪರಾತದ ಮುಂದೆ ಕೂತು ಹಿಟ್ಟು ನಾದಿದ ಕೈಗೆ ಬಿಡುವು ಕೊಡುವುದು ದುಂದು ವೆಚ್ಚವಲ್ಲ. ಆದರೆ ಯಂತ್ರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ನೀರು ಬೆರೆಸಿದ ಹಿಟ್ಟನ್ನು ಅರ್ಧ ಗಂಟೆ ನೆನೆಯಲು ಬಿಟ್ಟು, ಬಳಿಕ ಐದು ನಿಮಿಷ ನಾದಲು ವಿಶೇಷ ಬಲವೇನೂ ಬೇಡ. ಹುಡುಗರಾಗಲಿ ಹುಡುಗಿಯರಾಗಲಿ, ನಾಳೆಯ ಚಪಾತಿ ಹಿಟ್ಟನ್ನು ನೀವೇ ನಾದಿ ನೋಡಿ. ಹಿಟ್ಟಿನ ಹದ ಕೈಗೆ ತಿಳಿದರೆ, ಯಾವ ಯಂತ್ರ ಬೇಕು, ಬೇಕೋ ಬೇಡವೋ ಎಂಬುದನ್ನು ಮನೆಯವರಿಗೆ ನೀವೇ ಹೇಳಬಲ್ಲಿರಿ.