ರೇಡಿಯೇಟರ್ ದೊಡ್ಡದು ಮಾಡಿದ್ರೆ ಸಾಕಾ?

ಮಧ್ಯಾಹ್ನದ ಬುಲೆಟಿನ್ ಮುಗಿಸಿ ಮೈಕ್ ಬಿಚ್ಚುತ್ತಾ ಇದ್ದೆ. ಅಕ್ಕನ ಮಗನ ಫೋನ್ ಬಂತು. 'ಮಾಮ, ಚಾರ್ಮಾಡಿಯಲ್ಲಿ ಸಿಕ್ಕಾಕೊಂಡಿದೀವಿ. ಬಾನೆಟ್‌ನಿಂದ ಹಬೆ ಬರ್ತಿದೆ. ಫ್ರೆಂಡ್ ಕೈ ಸುಟ್ಟೋಗಿದೆ.' ಸಿಗ್ನಲ್ ಹುಡುಕಿಕೊಂಡು ಅರ್ಧ ಕಿಲೋಮೀಟರ್ ನಡೆದು ಬಂದು ಫೋನ್ ಮಾಡಿದ್ದನಂತೆ.

ಅವನದು ಟರ್ಬೊ ಪೆಟ್ರೋಲ್ ಕಾರು. ಸಾಲ ಮಾಡಿ ತಗೊಂಡಿದ್ದು. ಕಂಪನಿ ಕೊಟ್ಟ ಪವರ್ ಸಾಲದು ಅಂತ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ರೀಮ್ಯಾಪ್ ಮಾಡಿಸಿದ್ದ, ಮುಂದೆ ದೊಡ್ಡದೊಂದು ಇಂಟರ್‌ಕೂಲರ್ ಕೂರಿಸಿದ್ದ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದೆರಡು ಸಲ ಗಾಡಿ ಬಿಸಿಯಾಯಿತು. ಗ್ಯಾರೇಜಿನವರು ಥರ್ಮೋಸ್ಟಾಟನ್ನೇ ಕಿತ್ತು ಹಾಕಿ, 'ಇನ್ನು ಫುಲ್ ಕೂಲ್ ಸಾರ್' ಅಂದರು. ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಹತ್ತಿತು. ಅದನ್ನೂ ಕಂಪ್ಯೂಟರ್ ಹಾಕಿ ಅಳಿಸಿದರು! ಕಾಯಿಲೆ ಹಾಗೇ ಇತ್ತು, ರಿಪೋರ್ಟ್ ಹರಿದು ಹಾಕಿದ ಹಾಗಾಯ್ತು.

ಈಗ ಲೆಕ್ಕ ನೋಡೋಣ. ನೀವು ಹಾಕಿಸುವ ಪೆಟ್ರೋಲಿನ ಶಕ್ತಿಯಲ್ಲಿ ಗಾಡಿ ಓಡಿಸೋಕೆ ಸಿಗುವುದು ಸುಮಾರು ಮೂರನೇ ಒಂದು ಭಾಗ. ಇನ್ನೊಂದು ಭಾಗ ಸೈಲೆನ್ಸರ್‌ನಲ್ಲಿ ಬಿಸಿ ಹೊಗೆಯಾಗಿ ಹೋಗುತ್ತೆ. ಉಳಿದಿದ್ದರಲ್ಲಿ ಬಹುಪಾಲನ್ನು ಕೂಲೆಂಟ್ ಮತ್ತು ಆಯಿಲ್ ಹೊತ್ತು ಹೊರಗೆ ಹಾಕಬೇಕು. ಸಿಲಿಂಡರ್ ಒಳಗೆ ಉರಿಯುವ ಅನಿಲದ ಶಾಖ 2000 ಡಿಗ್ರಿ ದಾಟುತ್ತೆ. ಎಂಜಿನ್ ಹೆಡ್ ಮಾಡಿರೋದು ಅಲ್ಯುಮಿನಿಯಂನಲ್ಲಿ, ಅದು ಕರಗೋದು 660 ಡಿಗ್ರಿಗೆ. ಇವೆರಡರ ನಡುವೆ ನಿಂತು ಎಂಜಿನ್ ಕಾಯುತ್ತಿರೋದು ಬಕೆಟ್ ತುಂಬದಷ್ಟು ನೀರು, ಅಷ್ಟೇ. ಪವರ್ ಜಾಸ್ತಿ ಮಾಡಿದಿರಿ ಅಂದ್ರೆ ಬೆಂಕಿ ಜಾಸ್ತಿ ಮಾಡಿದಿರಿ. ಬುಗಾಟಿ ವೇರಾನ್ ಅನ್ನೋ ಕಾರಿಗೆ 1001 ಹಾರ್ಸ್‌ಪವರ್. ಅದರಲ್ಲಿರೋ ರೇಡಿಯೇಟರ್ ಒಂದಲ್ಲ, ಎರಡಲ್ಲ, ಹತ್ತು! ನಮ್ಮ ಹುಡುಗರು ಮಾತ್ರ ಪವರ್ ಕೊಳ್ತಾರೆ, ಕೂಲಿಂಗನ್ನು ಆಮೇಲೆ ನೋಡಿಕೊಳ್ಳೋಣ ಅಂತಾರೆ.

ಥರ್ಮೋಸ್ಟಾಟ್ ಅಂದರೆ ಮೇಣ ತುಂಬಿದ ಸಣ್ಣ ಬಾಗಿಲು. ಹೆಚ್ಚಿನ ಕಾರುಗಳಲ್ಲಿ 90 ಡಿಗ್ರಿ ಆಸುಪಾಸಿನಲ್ಲಿ ಮೇಣ ಕರಗಿ ಹಿಗ್ಗುತ್ತೆ, ಬಾಗಿಲು ತೆರೆಯುತ್ತೆ, ಬಿಸಿ ನೀರು ರೇಡಿಯೇಟರ್‌ಗೆ ಹೋಗುತ್ತೆ. ಅಲ್ಲಿವರೆಗೆ ನೀರು ಎಂಜಿನ್ ಒಳಗೇ ಸುತ್ತುತ್ತಿರುತ್ತೆ. ಯಾಕೆ? ಎಂಜಿನ್ ತಣ್ಣಗಿದ್ದರೆ ಒಳ್ಳೆಯದಲ್ಲ ಕಣ್ರೀ. ಗಾಡಿಯ ಕಂಪ್ಯೂಟರ್ 'ಇನ್ನೂ ಬೆಚ್ಚಗಾಗಿಲ್ಲ' ಅಂತ ಪೆಟ್ರೋಲ್ ಜಾಸ್ತಿ ಸುರಿಯುತ್ತೆ, ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತೆ, ಸವೆತ ಶುರುವಾಗುತ್ತೆ. ಇನ್ನೊಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ. ಎಷ್ಟೋ ಕಾರುಗಳಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತೆ. ರೇಡಿಯೇಟರ್ ದಾರಿ ತೆರೆಯುವಾಗಲೇ ಅಡ್ಡದಾರಿಯನ್ನು ಮುಚ್ಚುತ್ತೆ. ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಎಂಜಿನ್‌ಗೆ. ಬೆಳಗಿನ ಚಳಿಯಲ್ಲಿ ರಿಂಗ್ ರೋಡ್ ಮೇಲೆ ಹೋದರೆ ಮುಳ್ಳು ಕೆಳಗಿರುತ್ತೆ, ಘಾಟಿಯಲ್ಲಿ ಮೇಲಕ್ಕೆ ಏರುತ್ತೆ. ನಮ್ಮ ಹುಡುಗನಿಗೆ ಆಗಿದ್ದೂ ಅದೇ.

ಆದರೆ ಮೂಲ ತಪ್ಪು ಇದಕ್ಕಿಂತ ಹಿಂದಿನದು. ಆ ಇಂಟರ್‌ಕೂಲರ್ ಕೂರಿಸಿದ್ದು ಎಲ್ಲಿ? ರೇಡಿಯೇಟರ್ ಮುಂದೆ. ಎಸಿ ಕಂಡೆನ್ಸರ್ ಮೊದಲೇ ಅಲ್ಲಿತ್ತು. ಅಂದರೆ ರೇಡಿಯೇಟರ್‌ಗೆ ತಲುಪೋ ಗಾಳಿ ಎರಡು ಒಲೆ ಹಾದು ಬಂದ ಗಾಳಿ. ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ ಏನಾಗುತ್ತೆ ಯೋಚನೆ ಮಾಡಿ. ಎರಡನೇ ಗೇರು, ಎಸಿ ಆನ್, ಮುಂದೆ ಲಾರಿ. ಎಂಜಿನ್‌ಗೆ ಪೂರ್ತಿ ಭಾರ, ಗಾಳಿಯ ವೇಗ ಮಾತ್ರ ಸೈಕಲ್ಲಿನಷ್ಟು. ಫಾರ್ಮುಲಾ ಒನ್ ರೇಸ್ ಶುರುವಾಗೋ ಮುಂಚೆ ನಿಂತ ಕಾರುಗಳ ಪಕ್ಕಕ್ಕೆ ಹುಡುಗರು ಫ್ಯಾನ್ ಹಿಡಿದುಕೊಂಡು ನಿಲ್ಲೋದನ್ನು ಟೀವಿಯಲ್ಲಿ ನೋಡಿರ್ತೀರಿ. ಆ ಕಾರುಗಳಿಗೆ ಓಡಿದರೆ ಮಾತ್ರ ಗಾಳಿ.

ರಿಪೇರಿಗೆ ನಾನೇ ಅವನ ಜೊತೆ ಬೇರೆ ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಮೊದಲು ಮುಟ್ಟಿದ್ದು ರೇಡಿಯೇಟರನ್ನಲ್ಲ, ಅದರ ಸುತ್ತಲಿನ ಸಂದುಗಳನ್ನು. 'ಗಾಳಿ ಸೋಮಾರಿ ಸಾರ್. ದಾರಿ ಸಿಕ್ಕಿದ ಕಡೆ ಹೋಗುತ್ತೆ, ರೇಡಿಯೇಟರ್ ಒಳಗೆ ಯಾಕೆ ನುಗ್ಗುತ್ತೆ?' ಅಂದರು. ಫೋಮ್ ಮತ್ತು ತಗಡಿನಿಂದ ಸಂದು ಮುಚ್ಚಿದರು. ಇಂಟರ್‌ಕೂಲರ್ ಕೂರಿಸುವಾಗ ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕತ್ತರಿಸಿದ್ದರು, ಅದನ್ನು ಹೊಸದು ಹಾಕಿದರು. ಆ ಹೊದಿಕೆ ಇಲ್ಲದಿದ್ದರೆ ಫ್ಯಾನು ತನ್ನೆದುರಿನ ದುಂಡಗಿನ ಜಾಗದಿಂದ ಮಾತ್ರ ಗಾಳಿ ಎಳೆಯುತ್ತೆ, ಮೂಲೆಗಳೆಲ್ಲ ದಂಡ. ಇಂಟರ್‌ಕೂಲರ್ ಚಿಕ್ಕದಾಯಿತು. ಥರ್ಮೋಸ್ಟಾಟ್ ವಾಪಸ್ ಬಂತು. ಅದೆಲ್ಲ ಆದಮೇಲೇ ಸ್ವಲ್ಪ ದಪ್ಪದ ಅಲ್ಯುಮಿನಿಯಂ ರೇಡಿಯೇಟರ್. ದಪ್ಪ ಜಾಸ್ತಿಯಾದರೆ ಗಾಳಿ ನುಗ್ಗೋದು ಕಷ್ಟ, ಆದ್ದರಿಂದ ಗಾಳಿಯ ದಾರಿ ಸರಿಯಿಲ್ಲದೆ ದೊಡ್ಡ ರೇಡಿಯೇಟರ್ ಹಾಕೋದು ದುಡ್ಡು ದಂಡ. ಬಾನೆಟ್ ಹಿಂಬದಿಗೆ ವಾಶರ್ ಕೊಟ್ಟು ಎತ್ತೋ ಶೋಕಿ ಒಂದಿದೆ ನೋಡಿ, ಅದರಿಂದ ಬಿಸಿ ಗಾಳಿ ಹೊರಗೆ ಹೋಗುತ್ತೆ ಅಂತ ನಂಬಿಕೆ. ವೇಗದಲ್ಲಿ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ ಇರುತ್ತೆ, ಎಷ್ಟೋ ಸಲ ಗಾಳಿ ಅಲ್ಲಿಂದ ಒಳಗೇ ಬರುತ್ತೆ!

ಕೂಲೆಂಟ್ ವಿಷಯ. ಬೋರ್‌ವೆಲ್ ನೀರು ಸುರಿಯಬೇಡಿ. ನಿಮ್ಮ ಗೀಸರ್ ಕಾಯಿಲ್ ಮೇಲೆ ಕಟ್ಟೋ ಬಿಳಿ ಹೆಪ್ಪು ಎಂಜಿನ್ ಒಳಗೂ ಕಟ್ಟುತ್ತೆ. ಡಿಸ್ಟಿಲ್ಡ್ ನೀರು, ಕಂಪನಿ ಹೇಳಿದ ಕೂಲೆಂಟ್, ಎರಡೂ ಸರಿ ಅಳತೆಯಲ್ಲಿ.

ಇನ್ನು ಆ ಹುಡುಗನ ಕೈ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಗೆ. ಮುಚ್ಚಳ ಬಿಗಿಯಾಗಿದ್ದಾಗ ಒಳಗಿನ ಒತ್ತಡದಿಂದ ಕೂಲೆಂಟ್ 120 ಡಿಗ್ರಿಗೂ ಕುದಿಯದೆ ಸುಮ್ಮನಿರುತ್ತೆ. ನೀವು ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗಿ ಅಷ್ಟೂ ಒಟ್ಟಿಗೆ ಕುದಿದು ಹಬೆಯಾಗಿ ಮೇಲೆ ನುಗ್ಗುತ್ತೆ, ನಮ್ಮ ಮನೆಯ ಕುಕ್ಕರ್ ಥರ. ಆ ಹುಡುಗ ಒದ್ದೆ ಬಟ್ಟೆ ಹಿಡಿದು ತೆಗೆದಿದ್ದ. ಮೊಣಕೈವರೆಗೂ ಬೊಬ್ಬೆ. ಮುಖ ಪಕ್ಕಕ್ಕೆ ತಿರುಗಿಸಿದ್ದಕ್ಕೆ ಕಣ್ಣು ಉಳಿಯಿತು. ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಆನ್ ಮಾಡಿ. ಬೆವರು ಸುರಿಯುತ್ತೆ, ಸುರಿಯಲಿ. ಹೀಟರೂ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಶಾಖ ಒಳಗೆ ಎಳೆದುಕೊಳ್ಳುತ್ತೆ. ಹಬೆ ಬಂದರೆ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾಗೋವರೆಗೆ ಮುಚ್ಚಳದ ಹತ್ತಿರ ಹೋಗಬೇಡಿ. ಅಂದಹಾಗೆ, ಎಷ್ಟೋ ಕಾರುಗಳ ಮುಳ್ಳು ಸ್ವಲ್ಪ ಸುಳ್ಳು ಹೇಳುತ್ತೆ. ಶಾಖ ಹದಿನೈದಿಪ್ಪತ್ತು ಡಿಗ್ರಿ ಹೆಚ್ಚು ಕಡಿಮೆಯಾದರೂ ಅದು ನಡುವಿನಲ್ಲೇ ನಿಂತಿರುತ್ತೆ. ಗಾಡಿ ಮಾರ್ಪಾಡು ಮಾಡಿದವರು ಅಸಲಿ ಡಿಗ್ರಿ ತೋರಿಸೋ ಮೀಟರ್ ಒಂದನ್ನು ಹಾಕಿಕೊಳ್ಳಬೇಕು.

ಕಾನೂನಿನದೂ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ವಾರಂಟಿ ಕೇಳೋಕೆ ಹೋದಾಗ ನಮ್ಮ ಹುಡುಗನಿಗೆ ಸಿಕ್ಕಿದ್ದು ನಗು ಮಾತ್ರ. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಹೆಡ್ ಸೊಟ್ಟಗಾಗಿತ್ತು. ಬಿಲ್ ಲಕ್ಷ ದಾಟಿತು. ಅಕ್ಕ ನನ್ನನ್ನೇ ಬೈದಳು, 'ನೀನು ಟೀವಿಯಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತೀಯ' ಅಂತ.

ಮೊನ್ನೆ ಭಾನುವಾರ ಮತ್ತೆ ಫೋನ್. ಎದೆ ಧಸಕ್ ಅಂತು. 'ಮಾಮ, ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂತಾ ಇದೀವಿ. ಘಾಟಿ ಪೂರ್ತಿ ಹತ್ತಿದ್ವಿ, ಎಸಿ ಆನ್‌ನಲ್ಲೇ. ಮೀಟರ್ 98 ದಾಟಲಿಲ್ಲ.' ಫ್ರೆಂಡ್ ಕೈ ಹೇಗಿದೆಯೋ ಅಂದೆ. 'ದೋಸೆ ಅವನೇ ಜಾಸ್ತಿ ತಿಂತಿದಾನೆ' ಅಂದ.