ಕಾಲೇಜು ಹಾಕಿಯಿಂದ ಮೊದಲ ಸಂಬಳಕ್ಕೆ: ನಂಬಿಕೆ ಏನು, ನಿಜ ಏನು?

‘ಹರಾಜಿನಲ್ಲಿ ಹೆಸರು ಬಂದರೆ ಸಾಕು, ಬದುಕು ದಡ ಸೇರಿದಂತೆ.’ ಯಲಹಂಕ, ಹೆಬ್ಬಾಳದ ಕಡೆ ಸ್ಟಿಕ್ ಹಿಡಿದ ಹುಡುಗರು ಹೀಗೆ ನಂಬಲು ಕಾರಣವಿದೆ. 2024ರ ಅಕ್ಟೋಬರಿನಲ್ಲಿ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ ಸಿಕ್ಕಿದ್ದು 78 ಲಕ್ಷ ರೂಪಾಯಿ.

ಲೆಕ್ಕ ಬೇರೆಯೇ ಇದೆ. ಪುರುಷರ ತಂಡವೊಂದರ ಬಳಿ ಇದ್ದದ್ದು 4 ಕೋಟಿ, ಕೊಳ್ಳಬೇಕಾದವರು 24 ಮಂದಿ. ಆ 78 ಲಕ್ಷ ಕಳೆದರೆ ಉಳಿದ 23 ಜನರಿಗೆ ಸರಾಸರಿ 14 ಲಕ್ಷ. ಮೂಲಬೆಲೆಯ ಕೆಳಗಿನ ಮೆಟ್ಟಿಲು 2 ಲಕ್ಷ. ಮಹಿಳೆಯರಿಗೆ ತಂಡಕ್ಕೆ ಬರೀ 2 ಕೋಟಿ. ಈ ಅಂತರ ನನಗೆ ಸರಿ ಕಾಣುವುದಿಲ್ಲ. ಹರಾಜಿನಲ್ಲಿ ಆಟಗಾರ ಚೌಕಾಸಿ ಮಾಡುವಂತಿಲ್ಲ. ಎರಡು ತಂಡಗಳು ಪೈಪೋಟಿಗೆ ಬಿದ್ದರಷ್ಟೇ ಬೆಲೆ ಏರುತ್ತದೆ.

ಹಾಗೆಂದು ಹುಡುಗರ ಕೈ ಪೂರ್ತಿ ಬರಿದೂ ಅಲ್ಲ. ಆ ಹರಾಜಿನಲ್ಲಿ ಪುರುಷರ ಪ್ರತಿ ತಂಡಕ್ಕೂ ನಾಲ್ವರು ಜೂನಿಯರ್‌ಗಳು ಕಡ್ಡಾಯವಾಗಿದ್ದರು. ಎಂಟು ತಂಡಗಳೆಂದರೆ 32 ಜಾಗ. ಕರ್ನಾಟಕದ ಹೆಸರಿನ ತಂಡವೇ ಇಲ್ಲದ ಲೀಗಿನಲ್ಲಿ ನಮ್ಮವರು ಗುರಿಯಿಡಬೇಕಾದದ್ದು ಇಲ್ಲಿ.

‘ರೈಲ್ವೆ ಕೆಲಸ ಶಿಫಾರಸಿನಿಂದ ಸಿಗುತ್ತದೆ’ ಎಂಬುದು ಇನ್ನೊಂದು ಮಾತು. ಯಲಹಂಕದ ರೈಲು ಗಾಲಿ ಕಾರ್ಖಾನೆಯೂ ಸೇರಿ ರೈಲ್ವೆಯ ಸ್ಪೋರ್ಟ್ಸ್ ಕೋಟಾಕ್ಕೆ ಅಂಕಪಟ್ಟಿಯಿದೆ: ಟ್ರಯಲ್ಸ್‌ಗೆ 40, ಕ್ರೀಡಾ ಸಾಧನೆಗೆ 50, ಓದಿಗೆ 10. ಸಂಬಳ ಹಂತಕ್ಕೆ ತಕ್ಕಂತೆ ನಿಗದಿ; ಎರಡನೇ ಹಂತದಲ್ಲಿ ಮೂಲವೇತನ 19,900 ರೂಪಾಯಿ. ಲೀಗ್ ನಡೆದದ್ದು 2024ರ ಡಿಸೆಂಬರ್ 28ರಿಂದ ಐದು ವಾರ. ರೈಲ್ವೆ ಸಂಬಳ ವರ್ಷವಿಡೀ ಬರುತ್ತದೆ. ಲೀಗಿನಲ್ಲಿ ಆಡುವ ಎಷ್ಟೋ ಮಂದಿ ಇಂಥ ನೌಕರಿಯಲ್ಲಿ ಇದ್ದುಕೊಂಡೇ ಆಡುವವರು.

‘ಆಡುವವನಿಗೆ ಡಿಗ್ರಿ ಯಾಕೆ?’ ಎನ್ನುವುದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಪದವಿಯಿಲ್ಲದವರು ನಾಲ್ಕು, ಐದನೇ ಹಂತದ ಹುದ್ದೆಗೆ ಅರ್ಜಿಯನ್ನೇ ಹಾಕುವಂತಿಲ್ಲ. ಅಲ್ಲಿ ದೊಡ್ಡ ಸಾಧನೆಯೂ ಬೇಕು, ನಿಜ. ಆದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಮೊದಲ ಮೂರರೊಳಗೆ ಬಂದರೂ ಎರಡು, ಮೂರನೇ ಹಂತಕ್ಕೆ ಅರ್ಹತೆ ಸಿಗುತ್ತದೆ. ಕಾಲೇಜು ಬಿಟ್ಟವನಿಗೆ ಆ ಟೂರ್ನಿಯೇ ಇಲ್ಲ.

ಅಮೆರಿಕದ ಐಸ್ ಹಾಕಿಯಲ್ಲಂತೂ ಓದು ಮುಗಿಸುವುದೇ ಅಸ್ತ್ರವಾದದ್ದುಂಟು. ಡ್ರಾಫ್ಟ್‌ನಲ್ಲಿ ತಮ್ಮನ್ನು ಆರಿಸಿದ್ದ ನ್ಯಾಶ್‌ವಿಲ್ ತಂಡಕ್ಕೆ ಸಹಿ ಹಾಕದೆ ಹಾರ್ವರ್ಡ್ ಪದವಿ ಮುಗಿಸಿದ ಆಟಗಾರ ಜಿಮ್ಮಿ ವೀಸಿ, ತಮ್ಮ ಮೇಲಿನ ಡ್ರಾಫ್ಟ್ ಹಕ್ಕು ಮುಗಿದ ಮೇಲೆ 2016ರ ಆಗಸ್ಟ್‌ನಲ್ಲಿ ತಾವೇ ಆರಿಸಿಕೊಂಡ ನ್ಯೂಯಾರ್ಕ್ ರೇಂಜರ್ಸ್ ಸೇರಿದರು. ನಮ್ಮಲ್ಲಿ ಹೀಗೆ ಕಾಯುವುದು ತಿರುಗುಬಾಣವಾಗುತ್ತದೆ. ರೈಲ್ವೆ ಪರಿಗಣಿಸುವುದು ಚಾಲ್ತಿ ಆರ್ಥಿಕ ವರ್ಷ ಮತ್ತು ಹಿಂದಿನ ಎರಡು ವರ್ಷಗಳ ಸಾಧನೆಯನ್ನಷ್ಟೇ. ವಯಸ್ಸಿನ ಮಿತಿ 25.