ಘಟ್ಟದ ಮೇಲೆ ಸಮುದ್ರ ಸಾಕುವ ಮುನ್ನ

ಜಯಪುರ: ಜಗುಲಿಯ ಮೂಲೆಯಲ್ಲೊಂದು ಗಾಜಿನ ಪೆಟ್ಟಿಗೆ, ಅದರೊಳಗೆ ನಾಲ್ಕು ಬಂಗಾರದ ಮೀನು. ಮಲೆನಾಡಿನ ಪೇಟೆಗಳಿಗೆ ಇದು ಹಳೆಯ ನೋಟ. ಈಗ ಮೊಬೈಲಿನ ಕೃಪೆಯಿಂದ ಹೊಸ ಆಸೆಯೊಂದು ಘಟ್ಟ ಹತ್ತಿ ಬಂದಿದೆ. ಉಪ್ಪುನೀರಿನ ಟ್ಯಾಂಕು, ನೀಲಿ ದೀಪ, ಅದರಡಿ ಗಾಳಿಗೆ ತೂಗುವ ಹೂವಿನಂತೆ ಆಡುವ ಮೆತ್ತನೆ ಹವಳ! ನೋಡಿದ ಕಣ್ಣು ಕೀಳಲಾಗದ ಚೆಲುವು ಅದು. ನೋಡಿದ ಮೇಲೆ ‘ನಮ್ಮನೇಲೂ ಒಂದಿದ್ದರೆ’ ಅನ್ನಿಸುವುದು ಸಹಜ.

ಆದರೆ ಅರಬ್ಬೀ ಸಮುದ್ರ ಇರುವುದು ಆಗುಂಬೆ ಘಾಟಿಯ ಕೆಳಗೆ. ಜಯಪುರ ಇರುವುದು ಕೊಪ್ಪ, ಶೃಂಗೇರಿ, ಬಾಳೆಹೊನ್ನೂರಿನ ಬಸ್ಸುಗಳು ಹಾದುಹೋಗುವ ದಾರಿಯಲ್ಲಿ, ಕಾಫಿ ಅಡಿಕೆಯ ನಡುವೆ. ಇಲ್ಲಿ ಸಮುದ್ರ ಸಾಕುವುದು ಸಾಧ್ಯವೇ? ಸಾಧ್ಯ. ಆದರೆ ಸಾಧ್ಯ ಅನ್ನುವುದಕ್ಕೂ ಸುಲಭ ಅನ್ನುವುದಕ್ಕೂ ಜಯಪುರಕ್ಕೂ ಮಲ್ಪೆಗೂ ಇರುವಷ್ಟು ಅಂತರ ಇದೆ. ದುಡ್ಡು ಸುರಿಯುವ ಮೊದಲು ತಿಳಿದುಕೊಳ್ಳಬೇಕಾದ ನಾಲ್ಕು ಮಾತು ಇಲ್ಲಿವೆ.

ಅಜ್ಜಿಯ ಸರದ ನೆಂಟ

ಹವಳ ಅಂದರೆ ನಮ್ಮ ಹೆಂಗಸರಿಗೆ ಗೊತ್ತಿಲ್ಲದ ವಸ್ತುವಲ್ಲ. ಅಜ್ಜಿಯ ಕೊರಳಿನ ಸರದಲ್ಲಿ ಕೆಂಪು ಮಣಿಯಾಗಿ, ಜ್ಯೋತಿಷಿ ಹೇಳಿದ ಕುಜನ ಉಂಗುರವಾಗಿ ಅದು ಮನೆಮನೆಯಲ್ಲೂ ಇದೆ. ಆ ಕೆಂಪು ಹವಳ ಹೆಸರುವಾಸಿಯಾದದ್ದು ಮೆಡಿಟರೇನಿಯನ್ ಸಮುದ್ರದ ತಳದಿಂದ. ಹಿಂದೂದೇಶದವರಿಗೆ ಇದರ ಮೇಲೆ ಎಷ್ಟು ಮೋಹ ಎಂಬುದನ್ನು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಮಣಿ ಕಲ್ಲಿನಂತೆ ಕಂಡರೂ ಕಲ್ಲಲ್ಲ, ಜೀವಿ ಕಟ್ಟಿಕೊಂಡ ಎಲುಬು.

ಹವಳದ ಒಂದೊಂದು ಜೀವಿಯೂ ಒಂದು ಪುಟ್ಟ ಚೀಲ. ಮೇಲೆ ಬಾಯಿ, ಬಾಯಿಯ ಸುತ್ತ ಎಳೆಗಳು. ಕೆಂಪು ಹವಳಕ್ಕೆ ಎಳೆಗಳು ಎಂಟು. ಟ್ಯಾಂಕಿನ ಮೆತ್ತನೆ ಹವಳಕ್ಕೂ ಎಂಟೇ. ಸಮುದ್ರದಲ್ಲಿ ದಿಬ್ಬ ಕಟ್ಟುವ ಕಲ್ಲುಹವಳದ್ದು ಮಾತ್ರ ಆರರ ಲೆಕ್ಕ. ಹಾಗಾಗಿ ಕುಲಗೋತ್ರ ನೋಡಿದರೆ ಅಜ್ಜಿಯ ಸರದ ಮಣಿಗೆ ಹತ್ತಿರದ ನೆಂಟ ಈ ಮೆತ್ತನೆ ಹವಳವೇ. ಇದಕ್ಕೆ ಕಲ್ಲಿನ ಗೂಡಿಲ್ಲ. ಮಾಂಸದೊಳಗೆ ಸುಣ್ಣದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ, ಅಷ್ಟೇ.

ಹೊಟ್ಟೆಪಾಡು ಹೇಗೆ? ಸಾಕಲು ಸಿಗುವ ಬಹುಪಾಲು ಮೆತ್ತನೆ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಒಕ್ಕಲು ಕೂತಿದೆ. ಬೆಳಕಿನಲ್ಲಿ ಪಾಚಿ ಸಕ್ಕರೆ ಮಾಡುತ್ತದೆ, ಅದರಲ್ಲಿ ದೊಡ್ಡ ಪಾಲನ್ನು ಧಣಿಗೆ ಅಳೆಯುತ್ತದೆ. ನಮ್ಮಲ್ಲಿ ೧೯೭೪ರ ಭೂಸುಧಾರಣೆಯಲ್ಲಿ ಗೇಣಿ ಹೋಯಿತು. ಹವಳದೊಳಗೆ ಇನ್ನೂ ನಡೆದಿದೆ. ನೀರು ಬಿಸಿಯಾದರೆ ಒಕ್ಕಲು ಜಾಗ ಖಾಲಿ ಮಾಡುತ್ತದೆ, ಹವಳ ಬೆಳ್ಳಗಾಗುತ್ತದೆ, ಹಾಗೇ ಮುಂದುವರಿದರೆ ಉಪವಾಸ ಬಿದ್ದು ಸಾಯುತ್ತದೆ.

ಕರೆಂಟು ಹೋದ್ರೆ ಎಂತ ಮಾಡ್ತೀಯ?

ಮಗ ‘ಅಪ್ಪಯ್ಯ, ಒಂದು ಟ್ಯಾಂಕು ಮಾಡಾಣ’ ಅಂದರೆ ಅಪ್ಪಯ್ಯ ಕೇಳುವ ಮೊದಲ ಮಾತು, ‘ಕರೆಂಟು ಹೋದ್ರೆ ಎಂತ ಮಾಡ್ತೀಯ ಮಾರಾಯ?’ ಪ್ರಶ್ನೆ ನೂರಕ್ಕೆ ನೂರು ಸರಿ. ಆಷಾಢದ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಇಲ್ಲಿ ಕರೆಂಟು ಯಾವಾಗ ಬಂದೀತು ಅಂತ ಮೆಸ್ಕಾಂನ ಲೈನ್‌ಮನ್ ಕೂಡ ಹೇಳಲಾರ.

ಪಂಪು ನಿಂತರೆ ನೀರಿನ ಓಟ ನಿಲ್ಲುತ್ತದೆ. ಓಟ ನಿಂತ ನೀರಿನಲ್ಲಿ ಪ್ರಾಣವಾಯು ಇಳಿಯುತ್ತಾ ಹೋಗುತ್ತದೆ. ಮೊದಲು ತೊಂದರೆಗೆ ಸಿಗುವುದು ಮೀನು, ಆಮೇಲೆ ಹವಳ. ಬೆಳಕಿನ ಚಿಂತೆ ಬೇಡ. ಒಂದೆರಡು ದಿನದ ಕತ್ತಲೆಯನ್ನು ಹವಳ ತಡೆದುಕೊಳ್ಳುತ್ತದೆ. ಬೇಕಾದ್ದು ಗಾಳಿ ಮತ್ತು ಅಲುಗಾಟ. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಗಾಳಿ ಪಂಪು ಮನೆಯಲ್ಲಿರಲೇಬೇಕು. ಮನೆಯ ಯುಪಿಎಸ್‌ಗೆ ಸೇರಿಸುವುದಾದರೆ ಪಂಪನ್ನು ಮಾತ್ರ ಸೇರಿಸಿ, ದೀಪ ಹೀಟರ್ ಬಿಡಿ. ಕರೆಂಟಿಲ್ಲದ ಹೊತ್ತಿನಲ್ಲಿ ಮೀನಿಗೆ ತಿಂಡಿ ಹಾಕಬೇಡಿ. ತಿಂದದ್ದು ಕೊಳೆತು ಇದ್ದ ಗಾಳಿಯನ್ನೂ ನುಂಗುತ್ತದೆ.

ಬ್ಯಾಟರಿಯೂ ಮುಗಿಯಿತು ಅನ್ನಿ. ಆಗ ಲಂಡನ್ನಿನ ಒಬ್ಬ ಹೆಂಗಸಿನ ಉಪಾಯ ಉಂಟು. ಆನಾ ಥಿನ್ ಎಂಬಾಕೆ ೧೮೪೬ರಲ್ಲಿ ಟಾರ್ಕಿ ಎಂಬ ಕಡಲೂರಿನಿಂದ ಜೀವಂತ ಕಲ್ಲುಹವಳಗಳನ್ನು ಜಾಡಿಯಲ್ಲಿ ತುಂಬಿಕೊಂಡು ಲಂಡನ್ನಿಗೆ ತಂದಳು. ಆಗ ಕರೆಂಟೂ ಇಲ್ಲ, ಪಂಪೂ ಇಲ್ಲ. ಮನೆಗೆಲಸದ ಹುಡುಗಿ ತೆರೆದ ಕಿಟಕಿಯ ಎದುರು ನಿಂತು ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊತ್ತುಗಟ್ಟಲೆ ಹೊಯ್ದು ಗಾಳಿ ಸೇರಿಸುತ್ತಿದ್ದಳು. ಹೋಟೆಲಿನವರು ಕಾಫಿ ಆರಿಸುವ ಹಾಗೆ! ಹವಳಗಳು ಬದುಕಿದವು. ಈಚಿನ ಮಾತು ಹೇಳುವುದಾದರೆ ಇಂಡೊನೇಷ್ಯದ ಲೀ ಚಿನ್ ಎಂಗ್ ಎಂಬವರು ಜೀವಂತ ಕಲ್ಲು, ಬಿಸಿಲು ಮತ್ತು ಗಾಳಿಯ ಗುಳ್ಳೆ ಇಷ್ಟರಿಂದಲೇ ಹವಳದ ಟ್ಯಾಂಕು ನಡೆಸಿ ೧೯೬೧ರಲ್ಲಿ ಅದರ ಬಗ್ಗೆ ಬರೆದರು. ಹಾಗೆಂದ ಮೇಲೆ ಹೆಚ್ಚು ಯಂತ್ರ ಕೊಂಡವನೇ ಜಾಣ ಎಂದೇನೂ ಅಲ್ಲ.

ಬಿಲ್ಲಿನ ಲೆಕ್ಕವೂ ಇದೆ. ದೀಪ, ಪಂಪು, ಹೀಟರ್ ಸೇರಿ ಸರಾಸರಿ ೧೦೦ ವ್ಯಾಟ್ ಸತತ ಉರಿಯಿತು ಅಂತಿಟ್ಟುಕೊಳ್ಳಿ. ದಿನಕ್ಕೆ ೨.೪ ಯೂನಿಟ್, ತಿಂಗಳಿಗೆ ೭೨. ೨೦೨೩ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಮನೆಯ ಹಳೆಯ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟೇ ಪುಕ್ಕಟೆ. ಅದರ ಮೇಲಿನದಕ್ಕೆ ದುಡ್ಡು, ೨೦೦ ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಈ ಲೆಕ್ಕವನ್ನು ಅಪ್ಪಯ್ಯನಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಡುಗೆ ಉಪ್ಪು ನಡೆಯೋದಿಲ್ಲ

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಂ ಉಪ್ಪು. ನೂರು ಲೀಟರಿನ ಟ್ಯಾಂಕಿಗೆ ಮೂರೂವರೆ ಕೆ.ಜಿ.ಗೆ ಕಡಿಮೆಯಿಲ್ಲ. ಅಂಗಡಿಯ ಅಡುಗೆ ಉಪ್ಪು ತಂದು ಸುರಿದರೆ ಕೆಲಸ ಕೆಟ್ಟಿತು. ಅದು ಬಹುಪಾಲು ಒಂದೇ ಲವಣ. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಬೇಕು. ಅಕ್ವೇರಿಯಂಗೆಂದೇ ಮಾಡಿದ ಉಪ್ಪು ತರಬೇಕು. ಸಾಂದ್ರತೆ ಅಳೆಯುವ ಉಪಕರಣದಲ್ಲಿ ೧.೦೨೫ರ ಆಸುಪಾಸು ಬರಬೇಕು. ಕಣ್ಣಂದಾಜು, ನಾಲಿಗೆಯ ಅಂದಾಜು ಎರಡೂ ಬೇಡ.

ನೀರು ಆವಿಯಾಗಿ ಕಡಿಮೆಯಾದಾಗ ಉಪ್ಪುನೀರು ಹಾಕುವುದು ಹೊಸಬರ ದೊಡ್ಡ ತಪ್ಪು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ತುಂಬಿಸಬೇಕಾದ್ದು ಸಿಹಿನೀರು. ಉಪ್ಪುನೀರು ಬೇಕಾಗುವುದು ವಾರಕ್ಕೆ ಹತ್ತರಲ್ಲೊಂದು ಪಾಲು ಹಳೆಯ ನೀರು ತೆಗೆದು ಹೊಸದು ಹಾಕುವಾಗ.

ಹವೆಯ ಮಟ್ಟಿಗೆ ಮಲೆನಾಡಿಗೆ ಒಂದು ಅನುಕೂಲ. ಟ್ಯಾಂಕಿನ ನೀರು ೨೪ರಿಂದ ೨೬ ಡಿಗ್ರಿ ಇದ್ದರೆ ಚೆನ್ನ. ಕರಾವಳಿಯ ಸೆಕೆಯಲ್ಲಿ ಇದಕ್ಕೆ ದುಬಾರಿ ತಂಪು ಯಂತ್ರ ಬೇಕು. ಇಲ್ಲಿ ಬೇಸಿಗೆಯಲ್ಲಿ ಬಾಯಿ ತೆರೆದ ಟ್ಯಾಂಕಿನ ಮೇಲೊಂದು ಸಣ್ಣ ಫ್ಯಾನು ತಿರುಗಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಚಳಿಗಾಲದ ರಾತ್ರಿಗಳಿಗೆ ಹೀಟರ್ ಮಾತ್ರ ಬೇಕೇ ಬೇಕು.

ಇನ್ನು ಅವಸರ. ಟ್ಯಾಂಕು ತುಂಬಿದ ದಿನವೇ ಹವಳ ತಂದರೆ ದುಡ್ಡನ್ನು ಹೊಳೆಗೆ ಹಾಕಿದಂತೆ. ಕೊಳೆತದ್ದರಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಮೂರನೆಯದು ಅಷ್ಟಾಗಿ ಅಲ್ಲ. ಈ ಜೀವಿಗಳು ಕಲ್ಲುಮರಳಿನಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಗೊಬ್ಬರಗುಂಡಿ ಹದವಾಗಲು ಕಾಯುವ ಜನರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಮೈಲುತುತ್ತದ ಕೈ ಬೇಡ

ಬೇರೆ ಊರಿನ ಪುಸ್ತಕದಲ್ಲಿ ಸಿಗದ, ನಮ್ಮೂರಿಗೇ ವಿಶೇಷವಾದ ಅಪಾಯ ಒಂದಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ೧೯೧೦ರ ಸುಮಾರಿಗೆ ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಶತಮಾನ ಕಳೆದರೂ ತೋಟ ಉಳಿಸುತ್ತಿರುವುದು ಅದೇ. ಮೈಲುತುತ್ತ ಅಂದರೆ ತಾಮ್ರ. ಕೊಳೆಯ ಶಿಲೀಂಧ್ರವನ್ನು ಕೊಲ್ಲುವ ತಾಮ್ರ ಹವಳವನ್ನೂ ಸಿಗಡಿಯನ್ನೂ ಬಸವನಹುಳುವನ್ನೂ ಬಿಡುವುದಿಲ್ಲ. ಅತಿ ಸಣ್ಣ ಪ್ರಮಾಣವೇ ಸಾಕು.

ಔಷಧಿ ಹೊಡೆದ ದಿನ ಆ ಕೈಯನ್ನು ಟ್ಯಾಂಕಿಗೆ ಅದ್ದಬಾರದು. ಔಷಧಿ ಕಲಸಿದ ಬಕೆಟ್ಟು, ಡ್ರಮ್ಮು, ಪೈಪು ಯಾವುದೂ ಟ್ಯಾಂಕಿನ ಹತ್ತಿರ ಬರಬಾರದು. ತಾಮ್ರದ ಹಂಡೆಯ ನೀರು ಸ್ನಾನಕ್ಕೆ ಸೊಗಸು, ಹವಳಕ್ಕೆ ಮೃತ್ಯು. ‘ಇಷ್ಟು ಮಳೆ ಬೀಳ್ತದೆ, ಮಾಡಿನ ನೀರೇ ಸಾಕಲ್ಲ’ ಅನ್ನುವವರೂ ಯೋಚಿಸಬೇಕು. ತೋಟದ ನಡುವಿನ ಮನೆಯ ಮಾಡಿನ ಮೇಲೆ ಸಿಂಪಡಣೆಯ ತುಂತುರು ಬಿದ್ದಿರುತ್ತದೆ. ಬಾವಿ ನೀರಾಗಲಿ ಮಳೆನೀರಾಗಲಿ ಆರ್.ಒ. ಯಂತ್ರದಲ್ಲಿ ಸೋಸಿಯೇ ಬಳಸುವುದು ಕ್ಷೇಮ.

ಮುದುಡಿದ್ದೆಲ್ಲ ಸತ್ತದ್ದಲ್ಲ

ಹೊಸಬರಿಗೆ ತಕ್ಕದ್ದು ಅಣಬೆಯ ಆಕಾರದ ‘ಲೆದರ್’ ಹವಳ. ಒರಟು ಜೀವ, ಸಣ್ಣಪುಟ್ಟ ತಪ್ಪನ್ನು ಸಹಿಸುತ್ತದೆ. ಆದರೆ ಇದಕ್ಕೊಂದು ಅಭ್ಯಾಸ. ಆಗಾಗ ಎಳೆಗಳನ್ನೆಲ್ಲ ಒಳಗೆಳೆದುಕೊಂಡು, ಮೈಮೇಲೆ ಮೇಣದಂಥ ಪೊರೆ ಹೊದ್ದು, ದಿನಗಟ್ಟಲೆ ಮುನಿಸಿಕೊಂಡು ಕೂರುತ್ತದೆ. ಸತ್ತಿತೆಂದು ಎಸೆದವರಿದ್ದಾರೆ. ಹಾವು ಪೊರೆ ಬಿಡುವಂತೆ ಇದೂ ಪೊರೆ ಕಳಚಿ ಮತ್ತೆ ಅರಳುತ್ತದೆ. ನಿಜವಾಗಿ ಕೊಳೆತರೆ ಮೈ ಕರಗಿ ಕೆಟ್ಟ ವಾಸನೆ ಬರುತ್ತದೆ. ಆಗ ತಡಮಾಡದೆ ಹೊರಗೆ ತೆಗೆಯಬೇಕು.

ಮೆತ್ತನೆ ಹವಳ ಸಾಧುವೆಂದು ತಿಳಿಯಬೇಡಿ. ಪಕ್ಕದವನು ಒತ್ತುವರಿ ಮಾಡಿದರೆ ನೀರಿಗೆ ವಿಷ ಬಿಟ್ಟು ಜಗಳಕ್ಕೆ ನಿಲ್ಲುತ್ತದೆ. ನಡುವೆ ಜಾಗ ಬಿಡಬೇಕು, ಸೋಸಲು ಇದ್ದಿಲು ಇಡಬೇಕು. ಮನುಷ್ಯರಿಗೂ ಎಚ್ಚರ ಬೇಕು. ಗುಂಡಿಯಂತೆ ಸಾಲಾಗಿ ಅರಳುವ ಜೊವಾಂತಿಡ್ ಎಂಬ ಜಾತಿಯನ್ನು ಅಂಗಡಿಯವರು ಮೆತ್ತನೆ ಹವಳದ ಜತೆಗೇ ಮಾರುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಹವಾಯಿಯಲ್ಲಿ ೧೯೭೧ರಲ್ಲಿ ಬೇರ್ಪಡಿಸಿದ ಈ ವಿಷ ಪ್ರಪಂಚದ ಅತಿ ಕಟುವಾದವುಗಳಲ್ಲಿ ಒಂದು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ೨೦೧೮ರಲ್ಲಿ ಮನೆಯ ಟ್ಯಾಂಕು ಶುಚಿ ಮಾಡುವಾಗ ವಿಷ ಗಾಳಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಯಿತು. ಗಾಯದ ಕೈಯಲ್ಲಿ ಮುಟ್ಟಬಾರದು, ಕೈಗವಸು ಕನ್ನಡಕ ಹಾಕಬೇಕು, ಹವಳ ಹತ್ತಿದ ಕಲ್ಲಿಗೆ ಬಿಸಿನೀರು ಹೊಯ್ಯಲೇಬಾರದು. ಮಕ್ಕಳಿರುವ ಮನೆಗೆ ಈ ಜಾತಿ ತರದಿರುವುದೇ ಮೇಲು.

ಎಲ್ಲಿಂದ ಬಂತು ಅಂತ ಕೇಳಿ

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ೨೦೦೧ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳ, ಕರಿಹವಳ, ಬೀಸಣಿಗೆ ಹವಳ ಮೊದಲಾದವನ್ನು ಸೇರಿಸಲಾಯಿತು. ಅಂದರೆ ಹುಲಿಗಿರುವ ರಕ್ಷಣೆಯೇ ಇವಕ್ಕೂ. ತಪ್ಪಿಗೆ ಮೂರರಿಂದ ಏಳು ವರ್ಷ ಜೈಲು. ೨೦೨೨ರ ತಿದ್ದುಪಡಿಯ ಪ್ರಕಾರ ದಂಡವೂ ೨೫ ಸಾವಿರಕ್ಕೆ ಕಡಿಮೆಯಿಲ್ಲ. ಮೆತ್ತನೆಯದು ಅಂತ ಕೊಂಡ ತುಂಡಿನ ಬುಡದಲ್ಲಿ ಕಲ್ಲುಹವಳ ಅಂಟಿಕೊಂಡಿರಬಹುದು. ‘ಜೀವಂತ ಕಲ್ಲು’ ಅಂತ ಮಾರುವುದು ದಿಬ್ಬದಿಂದ ಒಡೆದು ತಂದದ್ದೇ ಆಗಿರಬಹುದು. ‘ಅಂಗಡಿಯವನು ಕೊಟ್ಟ, ನಾನು ತಂದೆ’ ಅನ್ನುವುದು ಉತ್ತರವಾಗದು. ಅನುಮಾನವಿದ್ದರೆ ಕೊಪ್ಪದ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿಯೇ ದುಡ್ಡು ಬಿಚ್ಚಿ.

ಕಾನೂನು ಸುಮ್ಮನೆ ಬಂದಿಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಅಮೀನ್‌ದಿವಿ ದ್ವೀಪಗಳು ೧೯೫೬ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಆ ದ್ವೀಪಗಳನ್ನು ಕಟ್ಟಿದ್ದೇ ಹವಳ. ೧೯೯೮, ೨೦೧೦, ೨೦೧೬ರಲ್ಲಿ ಕಡಲು ಕಾದು ಅಲ್ಲಿನ ಹವಳ ಬೆಳ್ಳಗಾಯಿತು. ೨೦೨೪ರಲ್ಲಿ ಮತ್ತೆ ಅದೇ ಗತಿ. ನಮ್ಮದೇ ರಾಜ್ಯದ ಮುರುಡೇಶ್ವರದ ಆಚೆ ನೇತ್ರಾಣಿ ನಡುಗಡ್ಡೆಯ ಸುತ್ತಲೂ ಹವಳವಿದೆ. ಹೀಗೆ ಬೆಂದು ಉಳಿದದ್ದನ್ನು ಒಡೆದು ತಂದು ಜಗುಲಿಯಲ್ಲಿಡುವುದು ಶೋಕಿಯಲ್ಲ, ಲೂಟಿ.

ದಾರಿ ಇಲ್ಲವೇ? ಇದೆ. ಮೆತ್ತನೆ ಹವಳ ದಾಸವಾಳದ ಗೆಲ್ಲಿನ ಹಾಗೆ. ಹರಿತ ಬ್ಲೇಡಿನಿಂದ ಒಂದು ತುಂಡು ಕತ್ತರಿಸಿ ಕಲ್ಲಿಗೆ ತಾಗಿಸಿಟ್ಟರೆ ಕೆಲವೇ ವಾರದಲ್ಲಿ ಹಿಡಿಯುತ್ತದೆ, ತಾಯಿಯ ಗಾಯವೂ ಮಾಯುತ್ತದೆ. ಒಬ್ಬರ ಟ್ಯಾಂಕಿನಲ್ಲಿ ಬೆಳೆದ ತುಂಡನ್ನು ಇನ್ನೊಬ್ಬರು ತಂದು ಬೆಳೆಸಿದರೆ ಸಮುದ್ರದ ತಂಟೆಗೆ ಹೋಗಬೇಕಿಲ್ಲ. ತುಂಡು ಯಾರ ಟ್ಯಾಂಕಿನದು, ತಾಯಿ ಎಲ್ಲಿದೆ ಅಂತ ಕೇಳಿ, ಸಾಧ್ಯವಾದರೆ ತಾಯಿಯನ್ನೇ ಕಣ್ಣಾರೆ ನೋಡಿ, ಆಮೇಲೆ ತನ್ನಿ.

ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವ ಜನ ನಾವು. ಆ ಮೀನನ್ನು ಹಿಡಿದು ಮನೆಗೆ ಒಯ್ಯುವ ಯೋಚನೆ ಯಾರಿಗೂ ಬರುವುದಿಲ್ಲ. ಕಡಲ ಹವಳಕ್ಕೂ ಅದೇ ಮರ್ಯಾದೆ ಸಲ್ಲಬೇಕು.

ಇಷ್ಟೆಲ್ಲ ಕೇಳಿದ ಮೇಲೂ ಆಸೆ ಉಳಿದವರು ದೀಪಾವಳಿ ಕಳೆದ ಮೇಲೆ ಶುರು ಮಾಡಲಿ. ಮಳೆ ನಿಂತಿರುತ್ತದೆ, ಔಷಧಿ ಹೊಡೆಯುವ ಕಾಲ ಮುಗಿದಿರುತ್ತದೆ, ಕರೆಂಟೂ ಅಷ್ಟಿಷ್ಟು ನೆಟ್ಟಗಿರುತ್ತದೆ. ಒಂದೇ ಟ್ಯಾಂಕು, ಒಂದೇ ಲೆದರ್ ಹವಳ. ಅದು ಮುಂದಿನ ಆಷಾಢ ದಾಟಿದರೆ ಎರಡನೆಯದರ ಮಾತು.